ಗೋಬಿಗೆ ಬಣ್ಣ ಬ್ಯಾನ್ ಆದ ದಿನವೇ ಬ್ಯಾಡಗಿಯಲ್ಲಿ ಬೆಂಕಿ: ನಮ್ಮ ಮೆಣಸಿನಕಾಯಿ ಬಣ್ಣದ ಲೆಕ್ಕ ಯಾರ ಕೈಯಲ್ಲಿದೆ?

ಮೇಡ್ಲೇರಿ (ರಾಣೆಬೆನ್ನೂರು ತಾ.): 2024ರ ಮಾರ್ಚ್ 11, ಸೋಮವಾರ. ಆ ಒಂದೇ ದಿನ ಎರಡು ಸುದ್ದಿ ಬಂದವು. ಒಂದು ಬೆಂಗಳೂರಿನಿಂದ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಘೋಷಿಸಿದರು. ಬಣ್ಣದ ಬಾಂಬೆ ಮಿಠಾಯಿಯೂ ಬಂದ್. ಇನ್ನೊಂದು ನಮ್ಮ ಜಿಲ್ಲೆಯದೇ ಸುದ್ದಿ. ದರ ಏಕಾಏಕಿ ಬಿತ್ತು ಎಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಗೆ ನುಗ್ಗಿದರು. ಕಚೇರಿ ಮೇಲೆ ಕಲ್ಲು ಬಿತ್ತು, ವಾಹನಗಳು ಹೊತ್ತಿ ಉರಿದವು.

ಟಿವಿಯಲ್ಲಿ ಎರಡೂ ಬೇರೆ ಬೇರೆ ಸುದ್ದಿಯಾಗಿ ಬಂದು ಹೋದವು. ಆದರೆ ಎರಡರ ಬೇರು ಒಂದೇ, ಅದು ಕೆಂಪು ಬಣ್ಣ. ತಿನ್ನೋ ಪದಾರ್ಥ ಕೆಂಪಗೆ ಕಾಣಲಿ ಅಂತ ರಾಜ್ಯದ ಊರೂರಲ್ಲಿ ಪುಡಿ ಬಣ್ಣ ಕಲಸುತ್ತಿದ್ದರು. ಅದೇ ಹೊತ್ತಿಗೆ, ದೇಶದಲ್ಲೇ ಹೆಸರಾದ ಸಹಜ ಕೆಂಪು ಬಣ್ಣದ ಕಾಯಿ ಚೀಲಗಟ್ಟಲೆ ಬ್ಯಾಡಗಿಯಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು.

ಮೇಡ್ಲೇರಿ ಹೋಬಳಿ ಸೇರಿ ರಾಣೆಬೆನ್ನೂರು ತಾಲ್ಲೂಕಿನ ಮೆಣಸಿನಕಾಯಿ ಬೆಳೆಗಾರರಿಗೆ ಬ್ಯಾಡಗಿಯೇ ದೊಡ್ಡ ಪೇಟೆ. ಅದೇ ಬೆಳೆಗಾರರ ಮಕ್ಕಳು ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಗೋಬಿ ತಿನ್ನುವವರು. ಹಂಗಾಗಿ ಈ ಎರಡು ಸುದ್ದಿ ನಡುವೆ ಏನಾಗ್ತಿದೆ ಅನ್ನೋದು ಇಲ್ಲಿನವರಿಗೆ ಗೊತ್ತಿರಬೇಕಾದ ವಿಷಯ.

ಗೋಬಿಯಲ್ಲಿ ಸಿಕ್ಕಿದ್ದೇನು?

ಆಹಾರ ಸುರಕ್ಷತಾ ಅಧಿಕಾರಿಗಳು ರಾಜ್ಯದಲ್ಲಿ ಗೋಬಿ ಮಂಚೂರಿಯ 171 ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅನ್ನೋ ಬಣ್ಣಗಳು. ಬಾಂಬೆ ಮಿಠಾಯಿಯ 25 ಮಾದರಿಯಲ್ಲಿ 15ರಲ್ಲಿ ಬಣ್ಣ ಇತ್ತು. ಅದರಲ್ಲಿ ರೋಡಮಿನ್-ಬಿ ಕೂಡ ಇತ್ತು. ಇದು ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ತಿನ್ನೋ ಯಾವ ಪದಾರ್ಥಕ್ಕೂ ಹಾಕಲು ಅನುಮತಿ ಇಲ್ಲ.

ಮೂರು ತಿಂಗಳ ನಂತರ, 2024ರ ಜೂನ್‌ನಲ್ಲಿ ಕಬಾಬ್‌ಗೂ ಇದೇ ನಿಯಮ ಬಂತು. 39 ಮಾದರಿ ನೋಡಿದಾಗ 8ರಲ್ಲಿ ಕೃತಕ ಬಣ್ಣ ಇತ್ತು. ನಿಯಮ ಮುರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂ. ವರೆಗೆ ದಂಡ ಎಂದು ಸರ್ಕಾರ ಎಚ್ಚರಿಸಿತು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಕೃತಕ ಬಣ್ಣ ಎಲ್ಲದಕ್ಕೂ ನಿಷೇಧ ಅಂತಲ್ಲ. ನಮ್ಮ ದೇಶದಲ್ಲಿ 8 ಕೃತಕ ಬಣ್ಣಗಳಿಗೆ ಅನುಮತಿ ಇದೆ. ಆದರೆ ಐಸ್‌ಕ್ರೀಂ, ಪೆಪ್ಪರಮೆಂಟು ಇಂಥ ಪಟ್ಟಿ ಮಾಡಿದ ಕೆಲವೇ ಪದಾರ್ಥಕ್ಕೆ, ಅದೂ ಸಾಮಾನ್ಯವಾಗಿ ಕೆಜಿಗೆ 100 ಮಿಲಿಗ್ರಾಂ ಮೀರದಂತೆ. ಗೋಬಿ, ಕಬಾಬ್ ಆ ಪಟ್ಟಿಯಲ್ಲಿಲ್ಲ. ಖಾರಪುಡಿಗಂತೂ ಹೊರಗಿನ ಯಾವ ಬಣ್ಣವನ್ನೂ ಬೆರೆಸುವಂತಿಲ್ಲ.

ಬ್ಯಾಡಗಿ ಕಾಯಿಯಲ್ಲಿ ಮಾರಾಟ ಆಗೋದು ಖಾರ ಅಲ್ಲ, ಬಣ್ಣ

ಮೆಣಸಿನಕಾಯಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಖಾರ. ಆದರೆ ಬ್ಯಾಡಗಿ ಕಾಯಿಗೆ ಬೆಲೆ ಬರೋದು ಖಾರದಿಂದ ಅಲ್ಲ. ಸುಕ್ಕು ಸುಕ್ಕಾದ ಸಿಪ್ಪೆಯೊಳಗಿನ ಕಡುಗೆಂಪು ಬಣ್ಣದಿಂದ. ಉಡುಪಿ ಸಾರು, ಮಂಗಳೂರು ಗಸಿ, ಬಿಸಿಬೇಳೆ ಬಾತು, ಎಲ್ಲದಕ್ಕೂ ಬ್ಯಾಡಗಿ ಕಾಯಿಯೇ ಬೇಕು ಅನ್ನೋದು ಇದಕ್ಕೇ. ಜಾಸ್ತಿ ಹಾಕಿದರೂ ನಾಲಿಗೆ ಸುಡಲ್ಲ, ಸಾರು ಮಾತ್ರ ಕೆಂಪಾಗುತ್ತೆ.

ಇದರಲ್ಲಿ ಎರಡು ಜಾತಿ. ಕಡ್ಡಿ ಅಂದರೆ ಉದ್ದ, ತೆಳು, ಬೀಜ ಕಮ್ಮಿ. ಡಬ್ಬಿ ಅಂದರೆ ಗಿಡ್ಡ, ದಪ್ಪ, ಬೀಜ ಜಾಸ್ತಿ, ಬಣ್ಣ ಮತ್ತು ವಾಸನೆಗೆ ಹೆಸರು. ಪೇಟೆಯ ದರಪಟ್ಟಿಯಲ್ಲಿ ಇವೆರಡರ ಜತೆ 'ಗುಂಟೂರು' ಅಂತ ಮೂರನೇ ಸಾಲೂ ಇರುತ್ತೆ. ಆ ವಿಷಯ ಆಮೇಲೆ.

ಬಣ್ಣವನ್ನು ಕಣ್ಣಳತೆಯಲ್ಲಿ ಹೇಳೋದು ಬೇರೆ, ಅಳೆದು ಹೇಳೋದು ಬೇರೆ. ಜಗತ್ತಿನ ಮಸಾಲೆ ವ್ಯಾಪಾರದಲ್ಲಿ ಇದಕ್ಕೆ 'ಅಸ್ಟಾ' ಅನ್ನೋ ಅಳತೆ ಇದೆ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನಿಂದ ಬಂದಿದ್ದು. ಪರೀಕ್ಷೆ ಮಾಡೋ ವಿಧಾನ ಸರಳ. ಪುಡಿ ಮಾಡಿದ ಕಾಯಿಯನ್ನು ತೂಕ ಮಾಡಿ ಅಸಿಟೋನ್‌ನಲ್ಲಿ 16 ಗಂಟೆ ಕತ್ತಲಲ್ಲಿ ಇಡ್ತಾರೆ. ಬಣ್ಣ ದ್ರಾವಣಕ್ಕೆ ಇಳಿಯುತ್ತೆ. ಅದನ್ನು ಸ್ಪೆಕ್ಟ್ರೋಫೋಟೋಮೀಟರ್ ಅನ್ನೋ ಯಂತ್ರದಲ್ಲಿಟ್ಟು 460 ನ್ಯಾನೋಮೀಟರ್ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಿತು ಅಂತ ನೋಡ್ತಾರೆ. ಅದರಿಂದ ಲೆಕ್ಕ ಹಾಕಿದ ಸಂಖ್ಯೆಯೇ ಅಸ್ಟಾ.

ಒಳ್ಳೇ ಬ್ಯಾಡಗಿ ಕಾಯಿ 150ರ ಮೇಲೆ ತೋರಿಸುತ್ತೆ. ಆಂಧ್ರದ ಖಾರದ ಸಣ್ಣಂ ಕಾಯಿ 30ರ ಆಸುಪಾಸು. ಖಾರದಲ್ಲಿ ಸಣ್ಣಂ ಮುಂದೆ, ಬಣ್ಣದಲ್ಲಿ ಬ್ಯಾಡಗಿ ಹತ್ತಿರಕ್ಕೂ ಬರಲ್ಲ.

ಈ ಬಣ್ಣ ಹೋಗೋದೆಲ್ಲಿಗೆ?

ಬ್ಯಾಡಗಿಯಿಂದ ಹೊರಟ ಕಾಯಿಯಲ್ಲಿ ಒಂದು ಪಾಲು ಮಸಾಲೆ ಕಂಪನಿಗಳ ಪುಡಿ ಗಿರಣಿಗೆ ಹೋಗುತ್ತೆ. ಇನ್ನೊಂದು ಪಾಲು ಓಲಿಯೊರೆಸಿನ್ ಕಾರ್ಖಾನೆಗೆ. ಅಲ್ಲಿ ಕಾಯಿಯ ಬಣ್ಣ, ವಾಸನೆಯನ್ನೆಲ್ಲ ದ್ರಾವಕದಲ್ಲಿ ಹಿಂಡಿ ಗಟ್ಟಿ ಎಣ್ಣೆ ಮಾಡ್ತಾರೆ. ಒಂದು ಟನ್ ಕಾಯಿಗೆ ಅಂದಾಜು 50 ಲೀಟರ್ ಬರುತ್ತೆ ಅನ್ನೋದು ವ್ಯಾಪಾರದಲ್ಲಿ ಚಾಲ್ತಿಯಲ್ಲಿರೋ ಲೆಕ್ಕ. ಕೇರಳದ ಕೊಚ್ಚಿ ಸುತ್ತಮುತ್ತ ಇಂಥ ದೊಡ್ಡ ಕಾರ್ಖಾನೆಗಳಿವೆ.

ಹೀಗೆ ತೆಗೆದ ಬಣ್ಣ ಸಾಸ್, ಚಿಪ್ಸ್, ಚೀಸ್, ಮಾಂಸದ ತಿನಿಸು ಸೇರುತ್ತೆ. ತುಟಿಗೆ ಹಚ್ಚೋ ಲಿಪ್‌ಸ್ಟಿಕ್‌ಗೂ ಹೋಗುತ್ತೆ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ '160ಸಿ' ಅಂತ ಇದ್ದರೆ, ಅದು ಮೆಣಸಿನಕಾಯಿ ಜಾತಿಯಿಂದ ತೆಗೆದ ಬಣ್ಣ. '110' ಇದ್ದರೆ ಸನ್‌ಸೆಟ್ ಯೆಲ್ಲೋ, '102' ಟಾರ್ಟ್ರಜಿನ್, '122' ಕಾರ್ಮೋಸಿನ್. ಅಂದರೆ ಗೋಬಿಯಲ್ಲಿ ಸಿಕ್ಕ ಬಣ್ಣಗಳು. ಅಂಗಡಿಯಲ್ಲಿ ಚಿಪ್ಸ್ ತಗೊಳ್ಳುವಾಗ ಈ ನಂಬರ್ ನೋಡೋದು ಯಾರಿಗೂ ಕಷ್ಟ ಅಲ್ಲ.

ಸಹಜ ಬಣ್ಣಕ್ಕೆ ಇಷ್ಟು ಬೇಡಿಕೆ ಬರಲು ದೊಡ್ಡ ಕಾರಣ ಒಂದು ಹಗರಣ. 2003ರಲ್ಲಿ ಫ್ರಾನ್ಸ್‌ನಲ್ಲಿ ಭಾರತದಿಂದ ಹೋದ ಖಾರಪುಡಿಯಲ್ಲಿ 'ಸುಡಾನ್-1' ಅನ್ನೋ ಬಣ್ಣ ಸಿಕ್ಕಿತು. ಇದು ಬೂಟ್ ಪಾಲಿಶ್, ಮೇಣಕ್ಕೆ ಹಾಕೋದು. 2005ರ ಫೆಬ್ರವರಿಯಲ್ಲಿ ಇಂಗ್ಲೆಂಡ್‌ನಲ್ಲಿ ಇಂಥದೇ ಪುಡಿ ಬಳಸಿದ ಸಾಸ್‌ನಿಂದಾಗಿ 400ಕ್ಕೂ ಹೆಚ್ಚು ಬಗೆಯ ಆಹಾರ ಪೊಟ್ಟಣಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿದರು. ಈ ಹಗರಣದಿಂದಾಗಿ ರಫ್ತಾಗೋ ಮೆಣಸಿನಕಾಯಿ, ಖಾರಪುಡಿಗೆ ಸುಡಾನ್ ಪರೀಕ್ಷೆಯನ್ನು ಭಾರತದ ಮಸಾಲೆ ಮಂಡಳಿ ಕಡ್ಡಾಯ ಮಾಡಿತು. ಯಾರೋ ನಾಲ್ಕು ಜನ ಕಲಬೆರಕೆ ಮಾಡಿದ್ದಕ್ಕೆ ಇಡೀ ದೇಶದ ಕಾಯಿ ಅನುಮಾನಕ್ಕೆ ಸಿಕ್ಕಿತು.

ಹಾಗಿದ್ದರೆ ನಮ್ಮೂರ ಗೋಬಿ ಗಾಡಿಗೆ ಬ್ಯಾಡಗಿ ಬಣ್ಣ ಯಾಕೆ ಬರಲಿಲ್ಲ?

'ಬಣ್ಣದ ಪುಡಿ ಅಗ್ಗ, ಅದಕ್ಕೇ ಹಾಕ್ತಾರೆ' ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಸತ್ಯ. ಲೆಕ್ಕ ಹಾಕಿ ನೋಡಿ. ಕಾಯಿ ಕ್ವಿಂಟಲ್‌ಗೆ 20,000 ರೂ. ಅಂತ ಹಿಡಿದರೆ ಕೆಜಿಗೆ 200 ರೂ. ಒಂದು ಪ್ಲೇಟ್‌ಗೆ 5 ಗ್ರಾಂ ಕಾಯಿ ಹಾಕಿದರೆ ಖರ್ಚು 1 ರೂ. ತೊಟ್ಟು ತೆಗೆದು, ಅಂಗಡಿಯವರ ಲಾಭ ಸೇರಿಸಿ ದುಪ್ಪಟ್ಟಾದರೂ 2 ರೂ. ಇದು ಗೋಬಿಯವರಿಗೆ ತಡೆಯಲಾಗದ ಖರ್ಚೇನಲ್ಲ.

ಉಳಿದರ್ಧ ಸತ್ಯ ಇರೋದು ಬಾಣಲೆಯಲ್ಲಿ. ಟಾರ್ಟ್ರಜಿನ್, ಕಾರ್ಮೋಸಿನ್ ಎಲ್ಲ ನೀರಲ್ಲಿ ಕರಗುವ ಬಣ್ಣ. ಕಾರ್ನ್‌ಫ್ಲೋರ್, ಮೈದಾ ಕಲಸಿದ ಹಿಟ್ಟಿಗೆ ಚಿಟಿಕೆ ಹಾಕಿದರೆ ಇಡೀ ಹಿಟ್ಟು ಕೆಂಪಾಗುತ್ತೆ. ಕರಿದರೂ ಬಣ್ಣ ಅಲ್ಲೇ ಕೂರುತ್ತೆ. ಮೆಣಸಿನಕಾಯಿ ಬಣ್ಣ ಹಾಗಲ್ಲ, ಅದು ಎಣ್ಣೆಯಲ್ಲಿ ಕರಗೋದು. ಹಿಟ್ಟಿಗೆ ಖಾರಪುಡಿ ಕಲಸಿ ಕಾದ ಎಣ್ಣೆಗೆ ಬಿಟ್ಟರೆ ಬಣ್ಣ ಎಣ್ಣೆಗೆ ಇಳಿದು ಹೋಗುತ್ತೆ. ಎಣ್ಣೆ ಜಾಸ್ತಿ ಕಾದಿದ್ದರೆ ಪುಡಿ ಸೀದು ಕಪ್ಪಾಗುತ್ತೆ. ಒಂದು ಸಲ ಹೀಗೆ ಮಾಡಿ ನೋಡಿದ ಗೋಬಿಯವರು 'ಇದು ಆಗೋ ಕೆಲಸ ಅಲ್ಲ' ಅಂತ ಮತ್ತೆ ಡಬ್ಬಿ ಬಣ್ಣಕ್ಕೆ ಹೋಗ್ತಾರೆ.

ಉಪಾಯ ಇರೋದು ಹಿಟ್ಟಲ್ಲಿ ಅಲ್ಲ, ಒಗ್ಗರಣೆಯಲ್ಲಿ. ತೊಟ್ಟು, ಬೀಜ ತೆಗೆದ ಬ್ಯಾಡಗಿ ಕಾಯಿಯನ್ನು ಬಿಸಿನೀರಲ್ಲಿ ನೆನೆಸಿ ನುಣ್ಣಗೆ ರುಬ್ಬಬೇಕು. ಬೆಳ್ಳುಳ್ಳಿ ಜತೆ ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಹುರಿಯಬೇಕು. ಹಿಟ್ಟಿಗೆ ಏನೂ ಹಾಕದೆ ಕರಿದ ಗೋಬಿಯನ್ನು ಕೊನೆಗೆ ಇದರಲ್ಲಿ ಹೊರಳಿಸಬೇಕು. ಬಣ್ಣದ ಪುಡಿ ಹಾಕಿದಂಗೆ ಮಿಂಚಲ್ಲ. ಇಟ್ಟಿಗೆ ಕೆಂಪು ಬರುತ್ತೆ. ಆದರೆ ವಾಸನೆಗೇ ಜನ ನಿಲ್ತಾರೆ.

ಇಷ್ಟು ಸಣ್ಣ ವಿಷಯವನ್ನು ಗಾಡಿಯವರಿಗೆ ಹೇಳಿಕೊಟ್ಟವರು ಯಾರು? 'ಹಾಕಬ್ಯಾಡ' ಅನ್ನೋ ಆದೇಶ ಬಂತು. ಅದರ ಬದಲು ಏನು ಹಾಕಬೇಕು ಅನ್ನೋ ಪಾಠ ಅದರ ಹಿಂದೆ ಬರಲಿಲ್ಲ.

ರೈತ ಮಾರೋದು ತೂಕ, ಕಾರ್ಖಾನೆ ಕೊಳ್ಳೋದು ಬಣ್ಣ

ಈಗ ಬ್ಯಾಡಗಿ ಪೇಟೆಗೆ ಬನ್ನಿ. ಸೋಮವಾರ, ಗುರುವಾರ ಇಲ್ಲಿ ದೊಡ್ಡ ವ್ಯಾಪಾರ. ಕಾಯಿ ತಂದ ರೈತ ದಲ್ಲಾಲಿ ಅಂಗಡಿ ಮುಂದೆ ಚೀಲ ಇಳಿಸ್ತಾನೆ. ಲಾಟ್ ನಂಬರ್ ಬೀಳುತ್ತೆ. ಖರೀದಿದಾರರು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡಿ ಕಂಪ್ಯೂಟರ್‌ನಲ್ಲಿ ದರ ಹಾಕ್ತಾರೆ. ಹೆಚ್ಚು ದರ ಹಾಕಿದವರಿಗೆ ಲಾಟ್ ಹೋಗುತ್ತೆ. ಇ-ಟೆಂಡರ್ ಬಂದ ಮೇಲೆ ಯಾರು ಎಷ್ಟು ದರ ಹಾಕಿದರು ಅನ್ನೋದರಲ್ಲಿ ಮುಚ್ಚುಮರೆ ಕಮ್ಮಿಯಾಗಿದೆ. ಇದು ಒಪ್ಪಬೇಕಾದ ಮಾತು.

ಆದರೆ ದರ ಯಾವುದಕ್ಕೆ? ಕ್ವಿಂಟಲ್‌ಗೆ. ಅಂದರೆ ತೂಕಕ್ಕೆ. ಬಣ್ಣದ ಅಂದಾಜು ಮಾತ್ರ ಖರೀದಿದಾರನ ಕಣ್ಣಲ್ಲಿ. ಅದೇ ಕಾಯಿ ಓಲಿಯೊರೆಸಿನ್ ಕಾರ್ಖಾನೆಗೆ ಹೋದಾಗ ತೂಕಕ್ಕಿಂತ ಬಣ್ಣದ ಸಂಖ್ಯೆಯೇ ಮುಖ್ಯ.

ಉದಾಹರಣೆಗೆ, 10 ಕ್ವಿಂಟಲ್ ಕಾಯಿಯ ಅಸ್ಟಾ 160 ಇದೆ ಅಂದುಕೊಳ್ಳಿ. ಇನ್ನೊಬ್ಬರ 10 ಕ್ವಿಂಟಲ್‌ನ ಅಸ್ಟಾ 80. ಮೊದಲಿನವರ 10 ಕ್ವಿಂಟಲ್‌ನಲ್ಲಿರೋ ಬಣ್ಣ ಬೇಕಂದರೆ ಎರಡನೆಯವರ 20 ಕ್ವಿಂಟಲ್ ಬೇಕು. ಕಾರ್ಖಾನೆಗೆ ಈ ಲೆಕ್ಕ ಗೊತ್ತು. ದೊಡ್ಡ ಖರೀದಿದಾರನಿಗೂ ಗೊತ್ತು. ಮಾರೋ ರೈತನ ಕೈಯಲ್ಲಿ ಮಾತ್ರ ಆ ಸಂಖ್ಯೆ ಇಲ್ಲ. ಅಳತೆ ಯಾರ ಕೈಯಲ್ಲಿದೆಯೋ ವ್ಯತ್ಯಾಸದ ದುಡ್ಡು ಅವರ ಜೇಬಿಗೆ.

ಹಾಲಿನ ಡೇರಿ ಜತೆ ಹೋಲಿಸಿ ನೋಡಿ. ಊರಿನ ಡೇರಿಗೆ ಹಾಲು ಹಾಕಿದರೆ ಫ್ಯಾಟ್ ಎಷ್ಟು ಅಂತ ಅಲ್ಲೇ ಯಂತ್ರದಲ್ಲಿ ನೋಡಿ ಚೀಟಿ ಕೊಡ್ತಾರೆ. ಚೀಟಿ ಇದ್ದರೆ ಜಗಳ ಮಾಡಬಹುದು, ಕೇಳಬಹುದು. ಮೆಣಸಿನಕಾಯಿಯಲ್ಲಿ ರೈತನಿಗೆ ಆ ಚೀಟಿ ಇಲ್ಲ. ದರ ಬಿದ್ದ ದಿನ ಯಾಕೆ ಬಿತ್ತು ಅಂತ ಕೇಳಲು ಕೈಯಲ್ಲಿ ಒಂದು ಕಾಗದವೂ ಇಲ್ಲದಿದ್ದಾಗ ಸಿಟ್ಟು ಬೇರೆ ದಾರಿ ಹಿಡಿಯುತ್ತೆ. ಮಾರ್ಚ್ 11ರಂದು ನಡೆದದ್ದನ್ನು ಸಮರ್ಥಿಸಲು ಆಗಲ್ಲ. ಸುಟ್ಟ ವಾಹನದಿಂದ ಯಾರ ಕಾಯಿಗೂ ದರ ಏರಲಿಲ್ಲ, ಕೇಸ್ ಮಾತ್ರ ಬಿದ್ದವು. ಆದರೆ ಅದು ಯಾಕೆ ನಡೆಯಿತು ಅಂತ ಅರ್ಥ ಮಾಡಿಕೊಳ್ಳದೇ ಬಿಟ್ಟರೆ ಮತ್ತೆ ನಡೆಯಲ್ಲ ಅನ್ನೋ ಗ್ಯಾರಂಟಿ ಇಲ್ಲ.

ಪಕ್ಕದ ಆಂಧ್ರದಲ್ಲೂ ದರ ಕುಸಿದಿತ್ತು. ಅಲ್ಲಿನ ಕೂಗಿಗೆ ಕೇಂದ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲ್‌ಗೆ 11,781 ರೂ. ಗೊತ್ತು ಮಾಡಿತು. ಇಂಥ ನೆರವು ಬೇಕು. ಆದರೆ ಇದೂ ಕ್ವಿಂಟಲ್ ಲೆಕ್ಕವೇ. ಬಣ್ಣಕ್ಕೆ ಹೆಸರಾದ ಕಾಯಿಗೂ, ಖಾರದ ಕಾಯಿಗೂ ಒಂದೇ ತಕ್ಕಡಿ ಹಿಡಿದರೆ ಬ್ಯಾಡಗಿಯವರಿಗೆ ನ್ಯಾಯ ಸಿಗಲ್ಲ.

'ಬ್ಯಾಡಗಿ' ಅನ್ನೋ ಹೆಸರು ಯಾರದು?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಮೈಸೂರು ರೇಷ್ಮೆ, ಧಾರವಾಡ ಪೇಡೆಗೆ ಸಿಕ್ಕ ಹಾಗೆಯೇ. ಗೊತ್ತು ಮಾಡಿದ ಪ್ರದೇಶದಲ್ಲಿ, ಗೊತ್ತು ಮಾಡಿದ ಗುಣದಲ್ಲಿ ಬೆಳೆದ ಕಾಯಿಗೆ ಮಾತ್ರ ಆ ಹೆಸರು ಬಳಸಬೇಕು ಅನ್ನೋದು ಇದರ ಅರ್ಥ.

ಆದರೆ ಪೇಟೆಯ ಕಥೆ ಬೇರೆ. ಬ್ಯಾಡಗಿ ಪೇಟೆಗೆ ಬರೋದೆಲ್ಲ ಬ್ಯಾಡಗಿ ತಾಲ್ಲೂಕಿನ ಕಾಯಿ ಅಲ್ಲ. ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಕಡೆಯಿಂದಲೂ ಬರುತ್ತೆ. ಆಂಧ್ರದಿಂದಲೂ ಬರುತ್ತೆ. ಬ್ಯಾಡಗಿ ಕಾಯಿ ಹಾಗೆ ಕಾಣೋ ಹೈಬ್ರಿಡ್ ಬೀಜಗಳು ಬಂದ ಮೇಲೆ ನೀರಾವರಿ ಜಾಗದಲ್ಲಿ ಎಕರೆಗೆ ಇಳುವರಿ ಜಾಸ್ತಿ. ನೋಡೋಕೆ ಸುಕ್ಕು ಇದೆ, ಕೆಂಪಿದೆ. ಮಳೆಯಾಶ್ರಿತ ಎರೆ ಹೊಲದ ನಾಟಿ ಕಡ್ಡಿ, ಡಬ್ಬಿ ಅದರ ಜತೆ ಒಂದೇ ಪೇಟೆಯಲ್ಲಿ ಪೈಪೋಟಿಗೆ ನಿಲ್ಲಬೇಕು. ಗ್ರಾಹಕನಿಗೆ ಪ್ಯಾಕೆಟ್ ಮೇಲೆ 'ಬ್ಯಾಡಗಿ ಖಾರಪುಡಿ' ಅಂತ ಒಂದೇ ಹೆಸರು ಕಾಣುತ್ತೆ.

ಹೈಬ್ರಿಡ್ ಬೆಳೆದ ರೈತರದ್ದು ತಪ್ಪಲ್ಲ. ಅವರೂ ಸಾಲ ಮಾಡಿದವರೇ. ತಪ್ಪಿರೋದು ಎರಡಕ್ಕೂ ಒಂದೇ ಹೆಸರು ಹಚ್ಚಿ ಮಾರೋದರಲ್ಲಿ.

ಜಿಐ ಟ್ಯಾಗ್ ಗೋಡೆಗೆ ತೂಗುಹಾಕೋ ಪ್ರಮಾಣಪತ್ರ ಅಲ್ಲ. ಅದನ್ನು ಬಳಸಬೇಕಾದರೆ ರೈತ ಅಥವಾ ರೈತರ ಗುಂಪು 'ಅಧಿಕೃತ ಬಳಕೆದಾರ' ಅಂತ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. 2020ರ ತಿದ್ದುಪಡಿಯಲ್ಲಿ ಅರ್ಜಿ ಶುಲ್ಕವನ್ನು 500 ರೂ.ಯಿಂದ 10 ರೂ.ಗೆ ಇಳಿಸಲಾಯಿತು. ಒಂದು ಚಹಾದ ದುಡ್ಡು. ಸುಳ್ಳಾಗಿ ಜಿಐ ಹೆಸರು ಬಳಸಿದವರಿಗೆ ಕಾನೂನಿನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂ. ದಂಡ ಇದೆ. ಆದರೆ ಹೆಸರು ಬರೆಸಿದ ರೈತರೇ ಕಮ್ಮಿ ಇದ್ದರೆ ಕೇಳೋರು ಯಾರು?

ಹೊಲದಲ್ಲಿ ಏನಾಗ್ತಿದೆ?

ಸುಸ್ಥಿರತೆ ಅನ್ನೋ ಪದ ಸೆಮಿನಾರ್‌ನಲ್ಲಿ ಕೇಳಿ ಕೇಳಿ ಸವೆದು ಹೋಗಿದೆ. ಮೇಡ್ಲೇರಿ ಕಡೆಯ ಹೊಲದಲ್ಲಿ ಅದರ ಅರ್ಥ ಇಷ್ಟೇ: ಮುಂದಿನ ವರ್ಷವೂ ಈ ಬೆಳೆ ಬೆಳೆಯಬಹುದಾ, ಬೆಳೆದರೆ ಬದುಕಬಹುದಾ?

ನಾಟಿ ಬ್ಯಾಡಗಿ ಕಾಯಿ ಮಳೆ ನೀರಲ್ಲೇ ಬರುತ್ತೆ. ಬೀಜ ಮನೆಯಲ್ಲೇ ತೆಗೆದಿಡಬಹುದು. ಮುಂಗಾರಿನಲ್ಲಿ ಹಾಕಿದರೆ ಡಿಸೆಂಬರ್, ಜನವರಿಯಿಂದ ಕೊಯ್ಲು. ಆದರೆ ಮುಟುರು ರೋಗ, ಥ್ರಿಪ್ಸ್ ನುಸಿ ಕಾಟ. 2021-22ರಲ್ಲಿ ಕಪ್ಪು ಥ್ರಿಪ್ಸ್ ಅನ್ನೋ ಹೊಸ ನುಸಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳು ಮಾಡಿತು. ಹೆದರಿದ ರೈತ ಒಂದರ ಮೇಲೊಂದು ಔಷಧ ಹೊಡೀತಾನೆ. ಖರ್ಚು ಏರುತ್ತೆ. ಔಷಧದ ಅಂಶ ಕಾಯಿಯಲ್ಲಿ ಉಳಿದರೆ ಹೊರದೇಶದವರು ಲೋಡ್ ವಾಪಸ್ ಕಳಿಸ್ತಾರೆ. ಆಗ ಕೊಳ್ಳೋನು ದರ ಇಳಿಸ್ತಾನೆ. ಮತ್ತೆ ಹೊರೆ ರೈತನ ಮೇಲೆ.

ಇದೆಲ್ಲ ಬೇಡ ಅಂತ ಬಹಳ ಮಂದಿ ಗೋವಿನಜೋಳಕ್ಕೆ ಹೊರಳಿದ್ದಾರೆ. ಹಾವೇರಿ ಇವತ್ತು ರಾಜ್ಯದಲ್ಲಿ ಗೋವಿನಜೋಳಕ್ಕೆ ಮುಂಚೂಣಿ ಜಿಲ್ಲೆ. ಗೋವಿನಜೋಳ ಬೆಳೆಯೋದು ಸುಲಭ. ಆದರೆ ವರ್ಷ ವರ್ಷ ಅದನ್ನೇ ಹಾಕಿದರೆ ಭೂಮಿಯ ಸಾರ ಹೋಗುತ್ತೆ, ಅದರ ದರಕ್ಕೂ ಜಗಳ ತಪ್ಪಿಲ್ಲ.

ಕೊಯ್ದ ಮೇಲಿನ ಕೆಲಸವೂ ಅಷ್ಟೇ ಮುಖ್ಯ. ಮಣ್ಣಿನ ಕಣದಲ್ಲಿ, ಡಾಂಬರ್ ರಸ್ತೆ ಪಕ್ಕದಲ್ಲಿ ಒಣಗಿಸಿದರೆ ಧೂಳು ಸೇರುತ್ತೆ, ರಾತ್ರಿ ಇಬ್ಬನಿಗೆ ತೇವ ಹಿಡಿಯುತ್ತೆ. ಕೆಲವು ಕಡೆ ಕಾಯಿ ಮುರಿಯಬಾರದು, ತೂಕ ಬರಲಿ ಅಂತ ನೀರು ಚಿಮುಕಿಸೋದೂ ಉಂಟು. ತೇವಾಂಶ 11 ಶೇಕಡಾ ಮೀರಬಾರದು ಅನ್ನೋದು ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ. ಮೀರಿದರೆ ಬೂಷ್ಟು. ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ. ಅದು ಲಿವರ್‌ಗೆ ಹೊಡೆತ ಕೊಡುತ್ತೆ, ಬೇಯಿಸಿದರೂ ಹೋಗಲ್ಲ. ನಮ್ಮಲ್ಲಿ ಮಸಾಲೆಗೆ ಕೆಜಿಗೆ 30 ಮೈಕ್ರೋಗ್ರಾಂವರೆಗೆ ಮಿತಿ. ಯುರೋಪಿನಲ್ಲಿ 10 ಮಾತ್ರ.

ಇದಕ್ಕೆ ಇನ್ನೊಂದು ಕೊಂಡಿಯೂ ಇದೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದಲ್ಲಿ ಭಾರತದ ಕೆಲವು ಮಸಾಲೆ ಪೊಟ್ಟಣಗಳಲ್ಲಿ ಎಥಿಲೀನ್ ಆಕ್ಸೈಡ್ ಅಂಶ ಸಿಕ್ಕಿತು ಅಂತ ದೊಡ್ಡ ಸುದ್ದಿಯಾಯಿತು. ಮಸಾಲೆಯಲ್ಲಿರೋ ಸೂಕ್ಷ್ಮಾಣು ಕೊಲ್ಲಲು ಬಳಸೋ ಅನಿಲ ಇದು. ಕಾಯಿ ಒಣಗಿಸುವಾಗಲೇ ಚೊಕ್ಕಟ ಇದ್ದರೆ, ಮುಂದೆ ಇಂಥ ಅನಿಲದ ಅಗತ್ಯವೇ ಕಮ್ಮಿ ಬೀಳುತ್ತೆ. ಕಣದಲ್ಲಿ ಹಾಸೋ ಒಂದು ತಾಡಪಾಲಿಗೂ ಸಿಂಗಪುರದ ಪರೀಕ್ಷೆಗೂ ಸಂಬಂಧ ಇದೆ.

ಬಣ್ಣವೂ ಸುಮ್ಮನೆ ಉಳಿಯೋ ವಸ್ತು ಅಲ್ಲ. ಬೆಳಕು, ಬಿಸಿ, ಗಾಳಿ ತಾಕಿದಷ್ಟೂ ಮಾಸುತ್ತೆ. ಬ್ಯಾಡಗಿ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಎದ್ದಿರೋದು ಅದಕ್ಕೇ. ಅಲ್ಲಿ ಇಟ್ಟರೆ ಬಣ್ಣ ಉಳಿಯುತ್ತೆ. ಆದರೆ ಬಾಡಿಗೆ, ಬಡ್ಡಿ ಎರಡೂ ಓಡ್ತಿರುತ್ತೆ. ಇಡಬೇಕಾ, ಮಾರಬೇಕಾ ಅಂತ ತೀರ್ಮಾನ ಮಾಡಲು ಕಾಯಿಯ ಬಣ್ಣ ಎಷ್ಟಿದೆ ಅಂತ ಗೊತ್ತಿರಬೇಕು. ಮತ್ತೆ ಮಾತು ಬರೋದು ಅಳತೆಗೇ.

ಕಲಿಸೋ ಜಾಗ ಜಿಲ್ಲೆಯಲ್ಲೇ ಇದೆ

ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ತೋಟಗಾರಿಕೆ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಕಾಲೇಜು ಇದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ಅಂದರೆ ವಿದ್ಯೆಗೆ ಬರ ಇಲ್ಲ.

ಬರ ಇರೋದು ಕಾಲೇಜಿನಿಂದ ಪೇಟೆಗೆ, ಪೇಟೆಯಿಂದ ಅಡುಗೆ ಮನೆಗೆ ಇರಬೇಕಾದ ದಾರಿಗೆ. ಆಹಾರ ತಂತ್ರಜ್ಞಾನ ಓದಿದ ಹುಡುಗ ಹುಡುಗಿಯರು ಕೆಲಸಕ್ಕೆ ಬೆಂಗಳೂರು ಬಸ್ ಹತ್ತುತ್ತಾರೆ. ಅಸ್ಟಾ ಅಳೆಯಲು ಬೇಕಾದ ಸ್ಪೆಕ್ಟ್ರೋಫೋಟೋಮೀಟರ್ ರಾಕೆಟ್ ಯಂತ್ರ ಏನಲ್ಲ, ಎಷ್ಟೋ ಕಾಲೇಜುಗಳ ಲ್ಯಾಬ್‌ನಲ್ಲಿ ಇರುವಂಥದ್ದು. ಸುಗ್ಗಿ ಇರೋ ಮೂರ್ನಾಲ್ಕು ತಿಂಗಳು ವಿದ್ಯಾರ್ಥಿಗಳೇ ಪೇಟೆಯಲ್ಲಿ ಮಾದರಿ ತೆಗೆದು, ತೇವಾಂಶ ಮತ್ತು ಬಣ್ಣ ಅಳೆದು ರೈತನಿಗೆ ಚೀಟಿ ಕೊಡೋದು ಅವರ ಪ್ರಾಯೋಗಿಕ ಪಾಠವೇ ಆಗಬಹುದು. ಅವರಿಗೆ ಅಂಕ, ರೈತನಿಗೆ ಅಳತೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದೋರಿಗೂ ಇದೇ ಮಾತು. ತರಕಾರಿ ಕೆತ್ತೋದು, ಟೇಬಲ್ ಜೋಡಿಸೋದು ಕಲೀತಾರೆ. ಸಹಜ ಬಣ್ಣದಲ್ಲಿ ಬೀದಿ ತಿಂಡಿ ಮಾಡೋದು, ಯಾವ ಕಾಯಿ ಎಲ್ಲಿಂದ ಬಂತು ಅಂತ ನೋಡಿ ಕೊಳ್ಳೋದು ಕೂಡ ಪಾಠ ಆಗಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ 'ಫಾಸ್ಟ್ಯಾಕ್' ಅನ್ನೋ ತರಬೇತಿ ನಡೆಸುತ್ತೆ. ಪ್ರತಿ 25 ಕೆಲಸಗಾರರಿಗೆ ಒಬ್ಬ ತರಬೇತಾದ ಮೇಲ್ವಿಚಾರಕ ಇರಬೇಕು ಅನ್ನೋದು ಅದರ ಗುರಿ. ಬೀದಿ ವ್ಯಾಪಾರಿಗಳಿಗೂ ಅದರಲ್ಲಿ ತರಬೇತಿ ಇದೆ. ಕೈ ತೊಳೆಯೋ ಪಾಠದ ಜತೆ ಮೇಲೆ ಹೇಳಿದ ಎಣ್ಣೆ-ನೀರಿನ ಪಾಠವನ್ನೂ ಸೇರಿಸಿದರೆ ಆದೇಶಕ್ಕೆ ಅರ್ಥ ಬರುತ್ತೆ.

ಈಗಲೇ ಏನು ಮಾಡಬಹುದು?

*ರೈತರು:* ಕಡ್ಡಿ, ಡಬ್ಬಿ, ಹೈಬ್ರಿಡ್ ಬೆರೆಸಬೇಡಿ, ಬೇರೆ ಬೇರೆ ಲಾಟ್ ಮಾಡಿ. ತಾಡಪಾಲು ಮೇಲೆ ಒಣಗಿಸಿ, ರಾತ್ರಿ ಮುಚ್ಚಿ, ನೀರು ಹೊಡೆಯಬೇಡಿ. ಮಾರೋ ಮುಂಚೆ ಒಂದು ಮಾದರಿ ಪರೀಕ್ಷೆ ಮಾಡಿಸೋಕೆ ಆಗುತ್ತಾ ಅಂತ ಹನುಮನಮಟ್ಟಿ ಅಥವಾ ದೇವಿಹೊಸೂರಿನಲ್ಲಿ ವಿಚಾರಿಸಿ.

*ರೈತರ ಗುಂಪು, ಸ್ತ್ರೀಶಕ್ತಿ ಸಂಘಗಳು:* ಜಿಐ ಅಧಿಕೃತ ಬಳಕೆದಾರರಾಗಲು ಒಟ್ಟಾಗಿ ಅರ್ಜಿ ಹಾಕಿ. ಖಾರಪುಡಿ ಘಟಕ ಮಾಡುವ ಮನಸ್ಸಿದ್ದರೆ, 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ರ ಜತೆ ರಾಜ್ಯದ ಪಾಲೂ ಸೇರಿ ಶೇ 50ರಷ್ಟು, 15 ಲಕ್ಷ ರೂ. ವರೆಗೆ ಸಬ್ಸಿಡಿ ಕೊಡಲಾಗಿದೆ. ಈಗ ಅರ್ಜಿ ತಗೊಳ್ತಿದ್ದಾರಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

*ಗೋಬಿ, ಕಬಾಬ್ ಅಂಗಡಿಯವರು:* ಹಿಟ್ಟಿಗೆ ಬಣ್ಣ ಬಿಡಿ, ಒಗ್ಗರಣೆಗೆ ಬ್ಯಾಡಗಿ ಚಟ್ನಿ ಹಿಡಿಯಿರಿ. 'ಇಲ್ಲಿ ಬ್ಯಾಡಗಿ ಕಾಯಿ ಬಣ್ಣ ಮಾತ್ರ' ಅಂತ ಬೋರ್ಡ್ ಬರೆಸಿ. ಹಾವೇರಿ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೇ ಜಾಹೀರಾತು ಇಲ್ಲ.

*ಕೊಳ್ಳುವವರು:* ಒಂದು ಗ್ಲಾಸ್ ನೀರಿನ ಮೇಲೆ ಚಿಟಿಕೆ ಖಾರಪುಡಿ ಉದುರಿಸಿ. ತಕ್ಷಣ ಬಣ್ಣದ ಎಳೆ ಎಳೆಯಾಗಿ ಕೆಳಗೆ ಇಳಿದರೆ ಕೃತಕ ಬಣ್ಣದ ಅನುಮಾನ. ಇದು ಪ್ರಾಧಿಕಾರವೇ ಹೇಳಿಕೊಟ್ಟ ಮನೆ ಪರೀಕ್ಷೆ. ಆದರೆ ಸುಡಾನ್ ಎಣ್ಣೆಯಲ್ಲಿ ಕರಗುವ ಬಣ್ಣ, ಇದರಲ್ಲಿ ಸಿಕ್ಕಿ ಬೀಳಲ್ಲ. ಅದಕ್ಕೆ ಲ್ಯಾಬ್ ಬೇಕು.

*ಎಪಿಎಂಸಿ:* ದರಪಟ್ಟಿಯಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಅಂತ ಮೂರು ಸಾಲು ಈಗಾಗಲೇ ಇದೆ. ಅದರ ಪಕ್ಕ ತೇವಾಂಶ ಎಷ್ಟು, ಬಣ್ಣ ಎಷ್ಟು ಅನ್ನೋ ಇನ್ನೆರಡು ಕಾಲಂ ಸೇರಿಸಬೇಕು. ಹೊಸ ಕಟ್ಟಡ, ಹೊಸ ಗೇಟಿಗಿಂತ ಮುಂಚೆ ಬೇಕಾಗಿರೋದು ಇದು. ಮುಂದಿನ ಸುಗ್ಗಿಗೆ ಕಾಯಿ ತರೋ ಮೇಡ್ಲೇರಿ ರೈತ ಕೇಳಬೇಕಾಗಿರೋದೂ ಇದನ್ನೇ: 'ನನ್ನ ಕಾಯಿ ಬಣ್ಣ ಎಷ್ಟು, ಬರೆದು ಕೊಡ್ರಿ.'